ಗುರುತಿನ ಪದ

ನಮ್ಮ ಅತ್ತೆ ಮರಿತಾಯಮ್ಮನ ಬಾಯಿಗೆ ಹದಿನಾರು ಊರಿನ ನಮ್ಮ ಬೀದಿಯೇ ಹೆದರುತ್ತಿತ್ತು. ನಲ್ಲಿಯ ಹತ್ತಿರ ಯಾರಾದರೂ ಸರದಿ ತಪ್ಪಿಸಿ ಬಿಂದಿಗೆ ಇಟ್ಟರೆ ಅವರ ಅಜ್ಜಿಯ ಕಾಲದ ಕಥೆಯೆಲ್ಲ ಹೊರಗೆ ಬರುತ್ತಿತ್ತು. ನಾನು ಸೊಸೆಯಾಗಿ ಬಂದ ಮೇಲೆ ಆ ಬಾಯಿಯ ದೊಡ್ಡ ಪಾಲು ನನಗೇ ಸಂದಿತು. ಸಾರಿಗೆ ಖಾರ ಹೆಚ್ಚಾದರೂ ಮಾತು, ಕಡಿಮೆಯಾದರೂ ಮಾತು. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ನಾವಿಬ್ಬರು ಅಡುಗೆಮನೆಯಲ್ಲಿ ಶುರು ಹಚ್ಚಿಕೊಂಡರೆ ನನ್ನ ಗಂಡ ಗುರು ಫ್ಯಾಕ್ಟರಿಯಲ್ಲಿ ಶಿಫ್ಟು ಇಲ್ಲದಿದ್ದರೂ ಬೈಕ್ ಹತ್ತಿ ನಂಜನಗೂಡಿಗೆ ಹೋಗಿಬಿಡುತ್ತಿದ್ದ.

ಅಂಥವರ ಮಾತು ಒಂದು ಬೆಳಿಗ್ಗೆ ನಿಂತುಹೋಯಿತು. ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಮೈಸೂರಿನ ಆಸ್ಪತ್ರೆಯಲ್ಲಿ. ಜೀವವೇನೋ ಉಳಿಯಿತು, ಆದರೆ ಕೈ ಇಲ್ಲ, ಕಾಲಿಲ್ಲ, ನಾಲಗೆ ಇಲ್ಲ. ಊಟ ಮೂಗಿನ ಕೊಳವೆಯಲ್ಲಿ. ಅಲುಗುತ್ತಿದ್ದದ್ದು ಕಣ್ಣುಗುಡ್ಡೆ ಮಾತ್ರ, ಅದೂ ಮೇಲಕ್ಕೆ ಮತ್ತು ಕೆಳಕ್ಕೆ. ಮೇಲೆತ್ತಿದರೆ ಹೌದು, ಇಳಿಸಿದರೆ ಇಲ್ಲ ಎಂದು ನರ್ಸ್ ಒಬ್ಬರು ಕಲಿಸಿಕೊಟ್ಟರು. ಒಳಗೆ ಅತ್ತೆ ಪೂರ್ತಿಯಾಗಿ ಇದ್ದರು. ನೋಡಲು ಬಂದ ನೆಂಟರು ಹಾಸಿಗೆಯ ಪಕ್ಕದಲ್ಲೇ ನಿಂತು ಇನ್ನೆಷ್ಟು ದಿನವೋ ಎಂದು ಮಾತಾಡಿಕೊಂಡಾಗ ಅವರ ಕಣ್ಣಿನಲ್ಲಿ ಕಂಡ ಸಿಟ್ಟು ನನಗೆ ಚೆನ್ನಾಗಿ ಪರಿಚಯವಿದ್ದ ಸಿಟ್ಟೇ.

ಮನೆಗೆ ಕರೆತಂದ ಮೇಲೆ ಅವರನ್ನು ನೋಡಿಕೊಂಡವರು ನಮ್ಮ ಮಾವ ಹುಚ್ಚಯ್ಯ. ಮೈ ತೊಳೆಯುವುದು, ಸೀರೆ ಬದಲಾಯಿಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಹೊರಳಿಸುವುದು, ಎಣ್ಣೆ ಹಚ್ಚಿ ತಲೆ ಬಾಚುವುದು, ಒಂದನ್ನೂ ನನಗೆ ಬಿಡಲಿಲ್ಲ. ಹೆಂಡತಿಗೆ ಸೀರೆ ಉಡಿಸುತ್ತಾನೆ ಎಂದು ಬೀದಿಯ ಗಂಡಸರು ನಕ್ಕರು. ನಗುವವರು ನಗಲಿ ಎಂದು ಮಾವ ತಮ್ಮ ಪಾಡಿಗೆ ಬಕೆಟ್ಟು ಹಿಡಿದು ಓಡಾಡುತ್ತಿದ್ದರು. ಮದುವೆಯಾಗಿ ನಲವತ್ತು ವರ್ಷ ಈ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ಒಂದು ನಯವಾದ ಮಾತಾಡಿದ್ದನ್ನು ಕಂಡವರಿಲ್ಲ. ಈಗ ಮಾವ ಆ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ನಾನು ಅಲ್ಲಿ ನಿಲ್ಲಲಾಗದೆ ಹೊರಗೆ ಬರುತ್ತಿದ್ದೆ.

ಕೋಮಲ ಬಂದದ್ದು ಆ ದಿನಗಳಲ್ಲಿ. ತಿ. ನರಸೀಪುರದ ಹೆಣ್ಣುಮಗಳು, ಅವರ ತಂದೆ ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನರಮಂಡಲದ ಇಂಜಿನಿಯರ್. ನಮ್ಮ ಕಡೆ ಇಂಜಿನಿಯರ್ ಎಂದರೆ ನಾಲೆ, ರಸ್ತೆ, ಜೀಪು, ಹಿಂದೆ ಒಬ್ಬ ಕಂಟ್ರಾಕ್ಟರು. ತಲೆಗೂ ಇಂಜಿನಿಯರ್ ಉಂಟು ಎಂದು ಕೇಳಿ ಬೀದಿಗೆ ಬೀದಿಯೇ ನಕ್ಕಿತು. ಕೋಮಲ ಬೇಸರ ಮಾಡಿಕೊಳ್ಳದೆ ಮಾವನ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಅತ್ತೆಯ ತಲೆಯಲ್ಲಿ ಮಾತು ಈಗಲೂ ಹುಟ್ಟುತ್ತಿದೆ, ನಾಲಗೆಗೆ ಹೋಗುವ ದಾರಿ ಮಾತ್ರ ಕಡಿದಿದೆ. ತೂಬಿನಲ್ಲಿ ನೀರಿದೆ, ನಾಲೆ ಒಡೆದಿದೆ. ಒಡೆದ ಜಾಗವನ್ನು ಡಾಕ್ಟರು ನೋಡಿಕೊಳ್ಳುತ್ತಾರೆ, ತಮ್ಮದು ಪಕ್ಕದಲ್ಲಿ ಪೈಪು ಎಳೆಯುವ ಕೆಲಸ. ಮಾತು ಹುಟ್ಟುವ ಜಾಗದ ಮೇಲೆ ಅಂಚೆ ಚೀಟಿಯಷ್ಟು ಅಗಲದ ತೆಳು ಹಾಳೆಯೊಂದನ್ನು ಇಡುತ್ತಾರೆ. ಅದರ ತಂತಿ ಹೊರಗೆ ಬರುತ್ತದೆ. ಅತ್ತೆ ಒಂದು ಪದವನ್ನು ಹೇಳಲು ಹೊರಟರೆ ಕಂಪ್ಯೂಟರು ಅಲ್ಲಿನ ಮಿಡಿತವನ್ನು ಓದಿ, ಇದು ಇಂಥ ಪದ ಎಂದು ತಿಳಿದು, ಸ್ಪೀಕರಿನಲ್ಲಿ ಹೇಳುತ್ತದೆ.

ಇದು ಇನ್ನೂ ಪ್ರಯೋಗ, ಖಂಡಿತ ಆಗುತ್ತದೆ ಎಂದು ಮಾತು ಕೊಡುವುದಿಲ್ಲ ಎಂದೂ ಹೇಳಿದರು. ಗೊತ್ತುಮಾಡಿದ ಅವಧಿಯೊಳಗೆ ಪದಗಳು ಯಂತ್ರದ ಹಿಡಿತಕ್ಕೆ ಸಿಗದಿದ್ದರೆ ಹಾಳೆಯನ್ನು ತೆಗೆದುಬಿಡಬೇಕು, ಆಮೇಲೆ ಮತ್ತೆ ಇಡಲು ಬರುವುದಿಲ್ಲ. ಇಷ್ಟನ್ನೂ ಅತ್ತೆಯ ಎದುರಿಗೆ ಹೋಗಿ, ಅವರ ಮುಖ ನೋಡಿಕೊಂಡು, ಮೊದಲಿನಿಂದ ಇನ್ನೊಮ್ಮೆ ಹೇಳಿದರು. ನಮ್ಮ ಮನೆಗೆ ಬಂದ ಓದಿದವರಲ್ಲಿ ಹಾಗೆ ಮಾಡಿದವರು ಅವರೊಬ್ಬರೇ. ಬೇಕಾ ಎಂದು ಕೇಳಿದಾಗ ಅತ್ತೆ ಕಣ್ಣು ಮೇಲೆತ್ತಿದರು, ಬಹಳ ಹೊತ್ತು ಇಳಿಸಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಸ್ವಲ್ಪ ದಿನಕ್ಕೆ ನ್ಯೂಮೋನಿಯಾ ಹಿಡಿದು, ಮತ್ತೆ ಆಸ್ಪತ್ರೆ ಸೇರಿ, ಸಾವಿನ ಬಾಯಿಗೆ ಹೋಗಿ ಬಂದರು. ಆ ಜ್ವರದಲ್ಲಿ ಕಣ್ಣಿನ ಮೇಲಿದ್ದ ಹಿಡಿತವೂ ಹೋಯಿತು. ಗುಡ್ಡೆ ತಾನಾಗಿ ಮೇಲೆ ಹೋಗುತ್ತಿತ್ತು, ತಾನಾಗಿ ಜಾರುತ್ತಿತ್ತು. ಹೌದೋ ಅಲ್ಲವೋ ನಮಗೆ ತಿಳಿಯದಾಯಿತು. ಇನ್ನು ಉಳಿದದ್ದು ತಲೆಯಿಂದ ಹೊರಬಂದ ಆ ತಂತಿಯೊಂದೇ.

ಕೋಮಲ ವಾರವಾರವೂ ಬಸ್ಸಿನಲ್ಲಿ ಬಂದು, ತಂತಿಗೆ ಪೆಟ್ಟಿಗೆ ಜೋಡಿಸಿ, ಕಂಪ್ಯೂಟರ್ ತೆರೆದು ಕೂರುತ್ತಿದ್ದರು. ಮೆದುಳಿನ ಮಿಡಿತ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಾಗುತ್ತದಂತೆ. ಅದಕ್ಕಾಗಿ ಪ್ರತಿ ಸಲ ಮೊದಲು ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿ ಯಂತ್ರವನ್ನು ಹದಕ್ಕೆ ತಂದುಕೊಳ್ಳಬೇಕು, ತೂಕಕ್ಕೆ ಮುಂಚೆ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡುವ ಹಾಗೆ. ಅದನ್ನು ಗುರುತಿನ ಪದ ಎನ್ನುತ್ತಿದ್ದರು. ಅದು ಸಿಕ್ಕರೆ ಅದರ ಆಧಾರದ ಮೇಲೆ ನೀರು, ನೋವು, ಸಾಕು, ಊಂ, ಇಲ್ಲ ಎಂಬ ಉಳಿದ ಪದಗಳನ್ನು ಯಂತ್ರ ಬೇರೆ ಮಾಡಿ ತೋರಿಸುತ್ತದೆ. ಅದು ಸಿಗದಿದ್ದರೆ ಎಲ್ಲವೂ ಕಲಸುಮೇಲೋಗರ. ಆ ಪದ ಯಾವುದಿರಬೇಕು ಎಂಬುದನ್ನು ಮೈಸೂರಿನಲ್ಲಿ ಕೂತು ತೀರ್ಮಾನಿಸಿದ್ದರು: ರೋಗಿಗೆ ಅತ್ಯಂತ ಹತ್ತಿರದವರ ಹೆಸರು. ಅತ್ತೆಗೆ ಮುಂಚೆ ಈ ಹಾಳೆ ಇಡಿಸಿಕೊಂಡವರೆಲ್ಲ ಗಂಡಸರು. ಹೆಂಡತಿಯ ಹೆಸರು ಹೇಳಲು ಹೊರಟರೆ ಸಾಕು, ಪರದೆಯ ಮೇಲಿನ ಗೆರೆ ಎದ್ದು ಕುಣಿಯುತ್ತಿತ್ತಂತೆ. ಹಾಗಾಗಿ ಅತ್ತೆಗೆ ಗಂಡನ ಹೆಸರು.

ಪರದೆಯ ಮೇಲೆ ಮಾವನ ಫೋಟೊ ಬರುತ್ತಿತ್ತು. ಆಮೇಲೆ ಒಂದು ಸಣ್ಣ ಸದ್ದು. ಸದ್ದಾದಾಗ ಹೆಸರು ಹೇಳಲು ಪ್ರಯತ್ನಿಸಬೇಕು, ಧ್ವನಿ ಬರುವುದು ಬೇಡ, ಹೇಳಲು ಹೊರಟರೆ ಸಾಕು ಎಂದು ಕೋಮಲ ಪ್ರತಿ ಸಲವೂ ಹೇಳುತ್ತಿದ್ದರು. ಗೆರೆ ಮಲಗಿಯೇ ಇರುತ್ತಿತ್ತು. ತಂತಿ ಬದಲಾಯಿಸಿದರು. ಕರೆಂಟಿನ ಅಡ್ಡಿ ತಂತಿಗೆ ತಾಗದಿರಲೆಂದು ಫ್ರಿಜ್ಜು, ಫ್ಯಾನು, ಟಿವಿ ಎಲ್ಲ ಆಫ್ ಮಾಡಿಸಿದರು. ಗದ್ದೆಯ ಪಂಪುಗಳಿಗೆ ಕರೆಂಟು ಇಲ್ಲದ ಹೊತ್ತು ನೋಡಿಕೊಂಡು ಬಂದರು. ಮೈಸೂರಿಗೆ ಹೋಗಿ ಪ್ರೋಗ್ರಾಮನ್ನೇ ಹೊಸದಾಗಿ ಬರೆದು ತಂದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಬೆಳಗಿನಿಂದ ಕೂತು ಸಂಜೆ ಎದ್ದು ಹೋಗುವಾಗ ಅತ್ತೆಯ ಕೈ ಹಿಡಿದು, ಹೀಗೇ ಆದರೆ ಹಾಳೆಯನ್ನು ತೆಗೆಯಬೇಕಾಗುತ್ತದೆ ಅಮ್ಮ ಎಂದು ಹೇಳಿಯೇ ಹೋಗುತ್ತಿದ್ದರು. ಮುಚ್ಚಿಡುವುದು ಅವರ ಜಾಯಮಾನವಲ್ಲ.

ಅವಧಿ ಮುಗಿಯುತ್ತ ಬಂದಾಗ ದೊಡ್ಡ ಡಾಕ್ಟರೊಬ್ಬರು ಕಾರಿನಲ್ಲಿ ಬಂದರು. ಕೆಟ್ಟವರಲ್ಲ, ಮಾವನಿಗೆ ಕೈ ಮುಗಿದೇ ಮಾತಾಡಿದರು. ಆ ಜ್ವರದಲ್ಲಿ ಒಳಗೂ ಪೆಟ್ಟು ಬಿದ್ದಿರಬಹುದು, ಆಕೆಗೆ ನಿಮ್ಮ ಗುರುತು ಹತ್ತುತ್ತಿಲ್ಲ ಎಂದು ಕಾಣುತ್ತದೆ, ಇನ್ನು ಹಾಳೆ ಇಟ್ಟುಕೊಂಡಿರುವುದು ಅಪಾಯವೇ ಎಂದರು. ಇದನ್ನೆಲ್ಲ ಅತ್ತೆಯ ಕಾಲ ಬುಡದಲ್ಲೇ ನಿಂತು ಹೇಳಿದರು. ನನಗೆ ಉರಿದುಹೋಯಿತು. ಹೊರಗೆ ಬಂದು ಮಾತಾಡಿ ಸಾರ್ ಎಂದೆ, ಆದರೆ ಆಗಲೇ ಹೇಳಿ ಮುಗಿದಿತ್ತು. ಆಪರೇಷನ್ನಿಗೆ ಮುಂದಿನ ಸೋಮವಾರ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಮಾವ ಬಿಸಿನೀರು ತೋಡಿ ತಂದು ಬಕೆಟ್ಟನ್ನು ನನ್ನ ಮುಂದೆ ಇಟ್ಟರು.

"ಇವತ್ತಿಂದ ನೀನೇ ಮೈ ತೊಳ್ಯವ್ವ. ಗುರ್ತಿಲ್ದಿರೋ ಗಂಡ್ಸು ಮೈ ಮುಟ್ಟುದ್ರೆ ಅವ್ಳ್ಗೆ ಯಂಗಾಗ್ಬ್ಯಾಡ?"

ನಾನು ಬಕೆಟ್ಟು ಎತ್ತಿಕೊಂಡು ಒಳಗೆ ಹೋದೆ. ಅಂದಿನಿಂದ ಮಾವ ಒಳಗೆ ಕಾಲಿಡಲಿಲ್ಲ. ಕೊಳವೆಗೆ ಹಾಕುವ ಗಂಜಿ ಸೋಸಿ ಕೊಡುವುದು, ಬಟ್ಟೆ ಒಗೆದು ಹಾಕುವುದು ಎಲ್ಲವನ್ನೂ ಮಾಡುತ್ತಿದ್ದರು, ಅತ್ತೆಯ ಕಣ್ಣಿಗೆ ಬೀಳದ ಹಾಗೆ. ಜಗಲಿಯ ಮೂಲೆಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಗುರು ಎಷ್ಟು ಹೇಳಿದರೂ ಕೇಳಲಿಲ್ಲ. ಗುರುವೂ ಒಮ್ಮೆ ಹಿತ್ತಲಿಗೆ ಹೋಗಿ ಅತ್ತು ಬಂದ. ಅತ್ತೆಯ ಮೈ ತೊಳೆಯುವಾಗ ನನ್ನ ಕೈ ಮಾವನ ಕೈಯಷ್ಟು ಹಗುರವಾಗಿ ಆಡುತ್ತಿರಲಿಲ್ಲ, ಅದು ನನಗೇ ಗೊತ್ತಾಗುತ್ತಿತ್ತು.

ಶುಕ್ರವಾರ ಕೋಮಲ ಒಬ್ಬರೇ ಬಂದರು. ಕೊನೆಯ ಸಲ ನೋಡೋಣ ಎಂದರು. ಫೋಟೊದ ಬದಲು ಮಾವನೇ ಎದುರಿಗೆ ಕೂತರೆ ಏನಾದರೂ ಆದೀತು ಎಂದು ಅವರಿಗೆ ಆಸೆ. ಮಾವ ಜಗಲಿಯಿಂದ ಏಳಲಿಲ್ಲ. ಮತ್ತೆ ಫೋಟೊ, ಮತ್ತೆ ಸದ್ದು, ಮತ್ತೆ ಮಲಗಿದ ಗೆರೆ. ಕೊನೆಗೆ ಕೋಮಲ ಕೀಬೋರ್ಡಿನಿಂದ ಕೈ ತೆಗೆದು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರು. ಅದನ್ನು ನೋಡಿ ನನ್ನ ತಾಳ್ಮೆ ಹಾರಿಹೋಯಿತು. ಮಂಚದ ಹತ್ತಿರ ಹೋಗಿ, ಹಿಂದೆ ಅಡುಗೆಮನೆಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದ ಹಾಗೆಯೇ ನಿಂತೆ.

"ಒಂದೇ ಒಂದ್ ಸಲ ಅನ್ನಿ ಅತ್ತೆ. ನಿಮ್ ಗಂಟೇನ್ ಓಯ್ತದೆ? ನಿಮ್ ಮಗನ್ನ ನಾನು ದಿನಕ್ಕೆ ನೂರ್ ಸಲ ಗುರು ಗುರು ಅಂತ ಕೂಗಲ್ವಾ? ಅವನ್ಗೇನಾಗದೆ?"

ಕೋಮಲ ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು.

"ರೋಜಾ, ಅಮ್ಮ ಚೆನ್ನಾಗಿದ್ದಾಗ ಅಪ್ಪಾಜಿ ಹೆಸರು ಹೇಳಿದ್ದನ್ನ ನೀವು ಯಾವತ್ತಾದ್ರೂ ಕೇಳಿದೀರಾ?"

ಎಲ್ಲಿ ಕೇಳುವುದು? ರೇಷನ್ ಕಾರ್ಡಿನವರು ಯಜಮಾನನ ಹೆಸರು ಕೇಳಿದರೆ ಪಕ್ಕದ ಮನೆಯವರ ಮುಖ ನೋಡುತ್ತಿದ್ದರು. ಬ್ಯಾಂಕಿನಲ್ಲಿ ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. ಗುರುವಿಗೆ ಡೆಂಗ್ಯೂ ಬಂದು ಮಲಗಿದಾಗ, ನೀನು ಗಂಡನ ಹೆಸರು ಬಾಯಲ್ಲಿ ಆಡಿಯೇ ಅವನ ಆಯಸ್ಸು ಕರಗುತ್ತಿದೆ ಎಂದು ವಾರ್ಡಿನಲ್ಲೇ ನನ್ನ ಮೇಲೆ ಬಿದ್ದಿದ್ದರು. ನಾವಿಬ್ಬರು ಎಷ್ಟೋ ದಿನ ಮಾತು ಬಿಟ್ಟಿದ್ದೆವು. ಗುರು ಮನೆಯಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಹಾಕಿದ ಮೇಲೆ ಹಳೆಯ ನೇಮಗಳನ್ನು ಒಂದೊಂದಾಗಿ ಬಿಟ್ಟಿದ್ದೆವು, ಅತ್ತೆಯೂ 'ಬುಡ್ಲಿ' ಎಂದಿದ್ದರು. ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೆ ಧ್ವನಿಯೇ ಬೇಡ ಎಂದ ಮೇಲೆ ಅದರಲ್ಲಿ ದೋಷವೇನು ಬಂತು ಎಂದು ಯಾರೂ ಆ ಕಡೆ ಯೋಚಿಸಿರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಹೇಳಲು ಹೊರಡುವುದೂ ಹೇಳಿದ ಹಾಗೆಯೇ.

ಕೋಮಲ ಎದ್ದು ಜಗಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಅಮ್ಮ ಯಾಕೆ ನಿಮ್ಮ ಹೆಸರು ಹೇಳುವುದಿಲ್ಲ ಎಂದು ಅವರು ಕೇಳಿದ್ದಕ್ಕೆ ಮಾವ ಬೀದಿಯ ಮೇಲಿನ ಕಣ್ಣು ತೆಗೆಯದೆ ಉತ್ತರ ಕೊಟ್ಟರು.

"ನನ್ಗಿಂತ ಮುಂದೆ ಉಟ್ಟಿದ್ವು ಒಂದೂ ಉಳೀನಿಲ್ಲ. ಇದಾರ ಉಳ್ಕಳ್ಳಿ, ಸಾವು ಇದ್ರ ಕಡೆ ತಿರುಗ್ ನೋಡ್ದೆ ಇರ್ಲಿ ಅಂತ ನಮ್ಮವ್ವ ಈ ಕೆಟ್ ಎಸ್ರು ಮಡಗುದ್ಲು. ಇವ್ಳು ಮದ್ವೆಯಾಗಿ ಬಂದ ದಿನ್ವೇ, ನನ್ ಮಗನ್ ಎಸ್ರ ಬಾಯ್ಗೆ ತರ್ಬ್ಯಾಡ ಕಣವ್ವ ಅಂತ ಕೈ ಇಡ್ಕಂಡು ಏಳಿದ್ಲು."

ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಯಿತು. ತಿರುಗಿ ಕೋಮಲರ ಮುಖ ನೋಡಿದರು.

"ನನ್ ಎಸ್ರು ಏಳ್ನಿಲ್ಲ ಅಂದ್ರೆ ಅದ ತಗುದ್ಬುಡ್ತಾರೆ ಅಂತ ಅವ್ಳ್ಗೆ ಗೊತ್ತಿತ್ತಾ?"

"ಪ್ರತಿ ಸಲಾನೂ ಹೇಳ್ತಿದ್ದೆ ಅಪ್ಪಾಜಿ."

ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡರು. ಟವೆಲ್ಲು ತೆಗೆದಾಗ ಅವರ ಮುಖದಲ್ಲಿ ಒಂದು ಸಮಾಧಾನವಿತ್ತು, ಅದನ್ನು ನೋಡಿ ನನಗೆ ಅಳು ಬಂತು.

"ಅಂಗಾರೆ ತಗುದ್ಬುಡಿ ಕಣವ್ವ. ಅವ್ಳ್ಗೆ ನನ್ ಗುರ್ತದೆ. ನಂಗಷ್ಟು ಸಾಕು."

ಕೋಮಲ ಅವರ ಎದುರಿಗೆ ನೆಲದ ಮೇಲೆ ಕೂತರು. "ನಿಮಗೆ ಸಾಕು ಅಪ್ಪಾಜಿ. ಅವರಿಗೆ ಸಾಕಾ? ಮಾತು ಹೋಗಿರೋದು ಅವರದ್ದು."

ಮಾವ ತಲೆ ತಗ್ಗಿಸಿದರು. ಹಾಗಾದರೆ ಅಮ್ಮ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೋಮಲ ಕೇಳಿದರು. ಮಾವ ಬಹಳ ಯೋಚಿಸಿದರು. ಕರೆದದ್ದೇ ಇಲ್ಲ ಎಂದರು. ಬೇರೆಯವರ ಹತ್ತಿರ ಮಾತಾಡುವಾಗ ಗುರೂನ ಅಪ್ಪ ಎನ್ನುತ್ತಿದ್ದಳು, ನೇರವಾಗಿ ಏನೂ ಇಲ್ಲ. ಆಮೇಲೆ ಸ್ವಲ್ಪ ನಾಚಿಕೊಂಡು, ಹಿತ್ತಲಲ್ಲಿ ದನದ ಕೆಲಸದಲ್ಲಿದ್ದರೆ ಬಾಗಿಲಿಗೆ ಬಂದು ಉಣ್‌ಬನ್ನಿ ಅಂತಿದ್ಲು, ಅಷ್ಟೇ ಎಂದರು. ದಿನಕ್ಕೆರಡು ಸಲ, ಮದುವೆಯಾದಾಗಿನಿಂದ.

ಕೋಮಲ ಮೈಸೂರಿಗೆ ಫೋನ್ ಮಾಡಿ ಬೀದಿಯ ಕೊನೆಯವರೆಗೂ ಮಾತಾಡುತ್ತ ಹೋದರು. ಬಂದಾಗ ಮುಖ ಬಿಗಿದಿತ್ತು. ನಡುವೆ ಗುರುತಿನ ಪದ ಬದಲಾಯಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ, ಇವತ್ತು ಏನು ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲವಂತೆ. ಹೊಣೆ ನನ್ನದು ಎಂದು ಬರೆದುಕೊಡುತ್ತೇನೆ ಎಂದು ಕೋಮಲ ಫೋನಿನಲ್ಲಿ ಹೇಳಿದ್ದರು. ಅದರಿಂದ ಅವರ ಕೆಲಸಕ್ಕೆ ಏನು ಕುತ್ತು ಬರುತ್ತದೆ ಎಂದು ಕೇಳಿದೆ. ಆಮೇಲೆ ನೋಡೋಣ ಎಂದರು.

ಪರದೆಯ ಮೇಲಿನ ಫೋಟೊ ತೆಗೆದರು. ಅತ್ತೆಯ ಮುಖದ ಮಟ್ಟಕ್ಕೆ ಬಗ್ಗಿದರು.

"ಅಮ್ಮ, ನಾನು ಕೇಳಿದ್ದೇ ತಪ್ಪು. ಹೆಸರು ಬೇಡ. ಇನ್ನು ಯಾವತ್ತೂ ಕೇಳಲ್ಲ. ಗುರೂನ ಅಪ್ಪ ಹಿತ್ತಲಲ್ಲಿದಾರೆ, ಊಟಕ್ಕೆ ಕರೀರಿ."

ಸದ್ದಾಯಿತು. ಗೆರೆ ಎದ್ದಿತು. ನಾನು ಕಣ್ಣಾರೆ ಕಂಡೆ, ಮಲಗಿದ್ದ ಗೆರೆ ಎದ್ದು ನಿಂತು ಮತ್ತೆ ಮಲಗಿತು. ಇನ್ನೊಂದು ಸಲ ಸದ್ದಾಯಿತು, ಅದೇ ಆಕಾರದಲ್ಲಿ ಮತ್ತೆ ಎದ್ದಿತು. ಹಲವು ಸಲ ಹಾಗೆ ಮಾಡಿಸಿದ ಮೇಲೆ ಸ್ಪೀಕರಿನಿಂದ ಯಾರೋ ಗುರುತಿಲ್ಲದ ಹೆಂಗಸಿನ ಧ್ವನಿಯಲ್ಲಿ 'ಉಣ್‌ಬನ್ನಿ' ಎಂದು ಬಂತು. ಆಮೇಲೆ ಮತ್ತೆ ಬಂತು. ಮಾವ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು, ಯಾವಾಗ ಎದ್ದು ಬಂದರೋ ನಾನು ನೋಡಲಿಲ್ಲ.

ಉಳಿದ ಪದಗಳನ್ನು ಒಂದೊಂದಾಗಿ ಹೇಳಿಸಿದರು. ಅಲ್ಲಲ್ಲಿ ತಪ್ಪಿತು, ಆದರೆ ಬೇರೆ ಬೇರೆಯಾಗಿ ಬಂದವು. ಮಧ್ಯಾಹ್ನ ಕಳೆದಿತ್ತು, ಯಾರಿಗೂ ಊಟದ ನೆನಪಿರಲಿಲ್ಲ. ಕೊನೆಗೆ ಕೋಮಲ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಇನ್ನು ನಾನೇನೂ ಕೇಳುವುದಿಲ್ಲ ಅಮ್ಮ, ಇರುವ ಪದಗಳಲ್ಲಿ ನಿಮಗೆ ಬೇಕಾದ್ದನ್ನು ನೀವೇ ಹೇಳಿ ಎಂದರು.

ನಾವು ಕಾದೆವು. ಮತ್ತೆ ಮಾವನನ್ನೇ ಕರೆಯುತ್ತಾರೆ ಎಂದು ನಾನಂತೂ ನಂಬಿದ್ದೆ. ಮಾವನೂ ಅದನ್ನೇ ನಿರೀಕ್ಷಿಸಿದ್ದರೆಂದು ಕಾಣುತ್ತದೆ, ಒಂದು ಹೆಜ್ಜೆ ಒಳಗೆ ಇಟ್ಟಿದ್ದರು.

ಸ್ಪೀಕರ್ 'ನೋವು' ಎಂದಿತು.

ಯಂತ್ರ ತಪ್ಪಿತೋ ಎಂದು ಕೋಮಲ ಪರದೆಯ ಕಡೆ ಬಗ್ಗಿದರು. ಅಷ್ಟರಲ್ಲಿ ಮತ್ತೆ 'ನೋವು' ಎಂದಿತು. ಮತ್ತೆ ಅದೇ. ಕೋಮಲ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಜ್ವರ ಬಿಟ್ಟ ದಿನದಿಂದ ಇವತ್ತಿನವರೆಗೆ ನಾವೆಲ್ಲ ಸೇರಿ ಅತ್ತೆಗೆ ನಮ್ಮ ಗುರುತು ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆವು. ಅವರು ಇಷ್ಟು ದಿನವೂ ನೋಯುತ್ತ ಮಲಗಿದ್ದರು.

ಮಾವ ನನ್ನನ್ನು ಪಕ್ಕಕ್ಕೆ ಸರಿಸಿ ಮಂಚದ ಹತ್ತಿರ ಮಂಡಿಯೂರಿದರು. ಹಣೆಯ ಮೇಲೆ ಕೈ ಇಟ್ಟು, ತಲೇನಾ ಎಂದು ಕೇಳಿದರು. ಯಂತ್ರ ಇಲ್ಲ ಎಂದಿತು. ಕತ್ತು ಮುಟ್ಟಿದರು, ಇಲ್ಲ. ಸೊಂಟ ಮುಟ್ಟಿದರು, ಮಂಡಿ ಮುಟ್ಟಿದರು, ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದರು. ಪ್ರತಿಯೊಂದಕ್ಕೂ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಬರುವವರೆಗೂ ಮಾವ ಕೈ ತೆಗೆಯುತ್ತಿರಲಿಲ್ಲ.

ಬಲಭುಜದ ಮೇಲೆ ಕೈ ಇಟ್ಟಾಗ ಯಂತ್ರ ಊಂ ಎಂದಿತು. ಬೀದಿ ಕಾಣಲಿ, ಹೋಗಿಬರುವವರ ಮುಖ ಕಾಣಲಿ ಎಂದು ಮಾವ ದಿನಾ ಅವರನ್ನು ಬಾಗಿಲ ಕಡೆ ಹೊರಳಿಸಿ ಮಲಗಿಸುತ್ತಿದ್ದದ್ದು ಆ ಭುಜದ ಮೇಲೆಯೇ. ನಾನು ಮಲಗಿಸುತ್ತಿದ್ದದ್ದೂ ಅದರ ಮೇಲೆಯೇ. ಮಾವ ಬೆನ್ನ ಕೆಳಗೆ ಎರಡೂ ತೋಳು ತೂರಿಸಿ, ತಂತಿಗೆ ಪೆಟ್ಟಾಗದ ಹಾಗೆ, ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿಸಿದರು. ಅತ್ತೆಯ ಮುಖ ಗೋಡೆಯ ಕಡೆಗಾಯಿತು. ಆಮೇಲೆ ಮಾವ ಮಂಚಕ್ಕೂ ಗೋಡೆಗೂ ನಡುವಿನ ಸಂದಿಗೆ ನುಸುಳಿಕೊಂಡು ಹೋಗಿ, ಅತ್ತೆಗೆ ಕಾಣುವ ಹಾಗೆ ನೆಲದ ಮೇಲೆ ಕೂತರು.